ಡಿಸ್ಕ್ ಡಿಟೆಕ್ಟ್ ಆಗುತ್ತಿಲ್ಲ: ಫಾರ್ಮ್ಯಾಟ್ ಒತ್ತುವ ಮೊದಲು

ರಾತ್ರಿ ಗುಡುಗು ಮಳೆಗೆ ನಾಲ್ಕಾರು ಸಲ ಕರೆಂಟ್ ಹೋಗಿ ಬಂದಿದೆ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಬೂಟ್ ಡಿವೈಸ್ ಇಲ್ಲವೆಂಬ ಒಂದೇ ಸಾಲು. ಇಲ್ಲವೇ ವಿಂಡೋಸ್ ಎಂದಿನಂತೆ ತೆರೆದುಕೊಂಡಿದೆ, ಆದರೆ ಮದುವೆಯ ಫೋಟೊ, ಮಕ್ಕಳ ಪ್ರಾಜೆಕ್ಟು, ವರ್ಷಗಳ ಲೆಕ್ಕಪತ್ರ ತುಂಬಿಟ್ಟಿದ್ದ ಡಿ ಡ್ರೈವ್ ನಾಪತ್ತೆ. ಅಂಗಡಿಗೆ ಫೋನ್ ಮಾಡಿದರೆ ಬಹಳ ಸಲ ಸಿಗುವ ಉತ್ತರ, "ತಗೊಂಡ್ ಬನ್ನಿ ಸಾರ್, ಫಾರ್ಮ್ಯಾಟ್ ಹೊಡೆದು ಕೊಡ್ತೀವಿ."

ಆ ಮಾತಿಗೆ ಹೂಂ ಅನ್ನುವ ಮೊದಲು ಸ್ವಲ್ಪ ತಾಳಿ. ಕಾಣದ ಡಿಸ್ಕೆಲ್ಲ ಕೆಟ್ಟ ಡಿಸ್ಕ್ ಆಗಿರಬೇಕಿಲ್ಲ. ಸಡಿಲಗೊಂಡ ಕೇಬಲ್, ಸೊರಗಿದ ಸಣ್ಣ ಬ್ಯಾಟರಿ, ತನ್ನಷ್ಟಕ್ಕೆ ಬದಲಾದ ಒಂದು ಸೆಟಿಂಗ್ ಇಷ್ಟರಿಂದಲೇ ಡಿಸ್ಕ್ ಮರೆಯಾಗಬಹುದು. ಹೊಸ ಡಿಸ್ಕ್ ಕೆಲವು ಸಾವಿರಕ್ಕೆ ಸಿಗುತ್ತದೆ. ಅದರೊಳಗೆ ಇದ್ದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಪಾಲಿಸುವ ಕ್ರಮ ಇದು: ಡಿಸ್ಕಿನ ಮೇಲೆ ಏನನ್ನೂ ಬರೆಯದ ಪರೀಕ್ಷೆಗಳು ಮೊದಲು, ಬರೆಯುವಂಥವು ಕಟ್ಟಕಡೆಗೆ.

ಮೊದಲು ಕಂಡುಕೊಳ್ಳಬೇಕಾದದ್ದು ಡಿಸ್ಕ್ ಎಲ್ಲಿ ಕಾಣುತ್ತಿಲ್ಲ ಎಂಬುದನ್ನು. ವಿಂಡೋಸ್‌ನಲ್ಲಿ ಮಾತ್ರವೋ, ಬಯೋಸ್‌ನಲ್ಲಿಯೂ ಇಲ್ಲವೋ? ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಯನ್ನು ಬಿಟ್ಟುಬಿಟ್ಟು ಒತ್ತುತ್ತಿದ್ದರೆ ಹೆಚ್ಚಿನ ಯಂತ್ರಗಳಲ್ಲಿ ಬಯೋಸ್ ತೆರೆಯುತ್ತದೆ. ಎಚ್‌ಪಿಯಲ್ಲಿ ಸಾಮಾನ್ಯವಾಗಿ ಎಫ್10. ಅಲ್ಲಿ ಸ್ಟೋರೇಜ್, ಸಾಟಾ ಅಥವಾ ಎನ್‌ವಿಎಂಇ ಎಂಬ ಹೆಸರಿನ ಪುಟ ಹುಡುಕಿ. ಡಿಸ್ಕ್ ಇದ್ದರೆ ಅದರ ಮಾಡೆಲ್ ಸಂಖ್ಯೆ ಕಾಣುತ್ತದೆ: ಸೀಗೇಟ್ ಡಿಸ್ಕ್ ಆದರೆ ಎಸ್‌ಟಿ ಎಂದು, ವೆಸ್ಟರ್ನ್ ಡಿಜಿಟಲ್ ಆದರೆ ಡಬ್ಲ್ಯುಡಿಸಿ ಎಂದು ಶುರುವಾಗುವ ಅಕ್ಷರ, ಅಂಕಿಗಳ ಸಾಲು. ಅದರ ಪಕ್ಕದಲ್ಲಿ ಸಾಮರ್ಥ್ಯ. ಹೆಸರೂ ಸಾಮರ್ಥ್ಯವೂ ಸರಿಯಾಗಿದ್ದರೆ ಡಿಸ್ಕ್ ಬದುಕಿದೆ, ಮದರ್‌ಬೋರ್ಡಿನೊಂದಿಗೆ ಮಾತಾಡುತ್ತಿದೆ, ತೊಡಕು ವಿಂಡೋಸ್ ಕಡೆಯದು ಎಂದು ಬಹುಮಟ್ಟಿಗೆ ನಂಬಬಹುದು. ಹೆಸರು ಬಂದು ಸಾಮರ್ಥ್ಯ ಸೊನ್ನೆ ತೋರಿಸಿದರೆ, ಅಥವಾ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಬಂದರೆ, ಹೆಚ್ಚಾಗಿ ಡಿಸ್ಕಿನ ಒಳಗೇ ಏನೋ ಆಗಿದೆ. ಏನೂ ಇಲ್ಲದಿದ್ದರೆ ಕ್ಯಾಬಿನೆಟ್ ತೆರೆಯಬೇಕು.

ಕ್ಯಾಬಿನೆಟ್ ತೆರೆದಾಗ

ಪವರ್ ಕಾರ್ಡ್ ಗೋಡೆಯಿಂದ ಕಿತ್ತು, ಆಮೇಲೆ ಒಮ್ಮೆ ಪವರ್ ಬಟನ್ ಒತ್ತಿಹಿಡಿದರೆ ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ. ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಲ್ಲಿ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನೂ ಇಳಿಸಿಕೊಳ್ಳಿ.

ಸಾಟಾ ಡಿಸ್ಕಿನ ಹಿಂಬದಿಯಲ್ಲಿ ಒಂದರ ಪಕ್ಕ ಒಂದು ಎರಡು ಸಾಕೆಟ್‌ಗಳಿವೆ. ಚಿಕ್ಕದು ಡಾಟಾ ಕೇಬಲ್ಲಿನದು, 7 ಪಿನ್ನು. ಅಗಲವಾದದ್ದು ಪವರ್‌ನದು, 15 ಪಿನ್ನು. ತಲೆಕೆಳಗಾಗಿ ಸಿಕ್ಕಿಸದಿರಲೆಂದು ಎರಡರ ತುದಿಯನ್ನೂ ಮಡಚಿದಂತೆ ಮಾಡಿರುತ್ತಾರೆ. ಹಳೆಯ ಕೇಬಲ್‌ಗಳಲ್ಲಿ ಉಕ್ಕಿನ ಚಿಕ್ಕ ಕ್ಲಿಪ್ ಇರುವುದಿಲ್ಲ. ಫ್ಯಾನಿನ ನಡುಕಕ್ಕೆ, ಕ್ಯಾಬಿನೆಟ್ ಸರಿಸಿ ಗುಡಿಸುವಾಗಿನ ಎಳೆತಕ್ಕೆ ಅದು ಕೂದಲೆಳೆಯಷ್ಟು ಹೊರಜಾರಿದರೂ ಸಾಕು. ಕಣ್ಣಿಗೆ ಸಿಕ್ಕಿಸಿದಂತೆಯೇ ಕಾಣುತ್ತದೆ. ಆದ್ದರಿಂದ ನೋಡಿ ಸುಮ್ಮನಾಗದೆ ಎರಡನ್ನೂ ಪೂರ್ತಿ ಕಿತ್ತು, ಕನೆಕ್ಟರ್‌ನ ಎರಡು ಪಕ್ಕ ಹಿಡಿದು ನೇರವಾಗಿ ಒತ್ತಿ ಕೂರಿಸಿ. ಓರೆಯಾಗಿ ಎಳೆದರೆ ಡಿಸ್ಕಿನ ಸಾಕೆಟ್ಟಿನೊಳಗಿನ ತೆಳ್ಳನೆ ಪ್ಲಾಸ್ಟಿಕ್ ನಾಲಿಗೆ ಮುರಿದು ಕೇಬಲ್ಲಿನೊಳಗೇ ಉಳಿದುಬಿಡುತ್ತದೆ. ಮಳೆಗಾಲ ಕಳೆದ ಮೇಲೆ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಸಂಪರ್ಕದ ಬಿಂದುಗಳ ಮೇಲೆ ಮಬ್ಬು ಪದರ ಕಟ್ಟಿರಬಹುದು. ಕೆಲವು ಸಲ ಕೇಬಲ್ ಕಿತ್ತು ಸಿಕ್ಕಿಸುವ ಉಜ್ಜಾಟದಲ್ಲೇ ಅದು ಸರಿಹೋಗುತ್ತದೆ.

ಆಗಲೂ ಕಾಣದಿದ್ದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಡಾಟಾ ಕೇಬಲ್ ಬೇರೆ ಹಾಕಿ ನೋಡಿ, ಆಮೇಲೆ ಮದರ್‌ಬೋರ್ಡಿನ ಬೇರೆ ಪೋರ್ಟು, ಆಮೇಲೆ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಬರುವ ಬೇರೆ ಪವರ್ ಕನೆಕ್ಟರು. ಮೂರನ್ನೂ ಒಟ್ಟಿಗೆ ಬದಲಿಸಿದರೆ ಡಿಸ್ಕ್ ಕಂಡರೂ ತಪ್ಪು ಯಾವುದರದೆಂದು ತಿಳಿಯುವುದಿಲ್ಲ, ಅದೇ ಕೆಟ್ಟ ಕೇಬಲ್ ನಾಳೆ ಇನ್ನೊಂದು ಡಿಸ್ಕಿಗೆ ಹೋಗಿ ಕೂರುತ್ತದೆ. ಇಲ್ಲಿ ಒಂದು ಗಂಭೀರ ಎಚ್ಚರಿಕೆ ಹೇಳಲೇಬೇಕು. ಕೇಬಲ್ಲುಗಳನ್ನು ಬೇಕಾದಂತೆ ಕಳಚಿ ಜೋಡಿಸಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ನಿಮ್ಮದಾಗಿದ್ದರೆ, ಒಂದು ಕಂಪನಿಯ ಪವರ್ ಕೇಬಲ್ಲನ್ನು ಇನ್ನೊಂದು ಕಂಪನಿಯ ಎಸ್‌ಎಂಪಿಎಸ್‌ಗೆ ಎಂದಿಗೂ ಹಾಕಬೇಡಿ. ತುದಿ ಹೊಂದಿಕೊಂಡರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. 5 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ಬಂದು ಡಿಸ್ಕ್ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಈಗ ಕಿವಿಗೆ ಕೆಲಸ ಕೊಡಿ. ಆನ್ ಮಾಡಿದಾಗ ತಿರುಗುವ ಹಾರ್ಡ್ ಡಿಸ್ಕ್ ಸಣ್ಣದಾಗಿ ಗುಂಯ್‌ಗುಟ್ಟುತ್ತಾ ವೇಗ ಹಿಡಿದು, ಒಂದೆರಡು ಮೆದು ಸದ್ದು ಮಾಡಿ, ಸಮಸ್ವರಕ್ಕೆ ಬರುತ್ತದೆ. ಫ್ಯಾನಿನ ಗದ್ದಲದಲ್ಲಿ ಕೇಳಿಸದಿದ್ದರೆ ಡಿಸ್ಕಿನ ಮೇಲ್ಮೈಗೆ ಬೆರಳ ತುದಿ ಮುಟ್ಟಿಸಿ. ಜೀವವಿದ್ದರೆ ನಿಮಿಷಕ್ಕೆ 5400 ಅಥವಾ 7200 ಸುತ್ತಿನ ಆ ನವಿರಾದ ಕಂಪನ ಬೆರಳಿಗೆ ತಿಳಿಯುತ್ತದೆ. ಸದ್ದು, ಕಂಪನ ಎರಡೂ ಇಲ್ಲವೆಂದರೆ ಪವರ್ ತಲುಪುತ್ತಿಲ್ಲ, ಇಲ್ಲವೇ ಡಿಸ್ಕಿನ ಅಡಿಯ ಹಸಿರು ಬೋರ್ಡು ಕೆಟ್ಟಿದೆ, ಅಥವಾ ಮೋಟರ್ ಸಿಕ್ಕಿಕೊಂಡಿದೆ. ಟಕ್, ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿದುಕೊಳ್ಳುತ್ತಿದ್ದರೆ ತಡಮಾಡದೆ ಆಫ್ ಮಾಡಿ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ಸಿಡಿಲು, ವೋಲ್ಟೇಜ್ ಏರಿಳಿತದ ಊರುಗಳಲ್ಲಿ ಇನ್ನೊಂದು ವಿಚಿತ್ರ ಲಕ್ಷಣ ಕಾಣುವುದುಂಟು. ಡಿಸ್ಕ್ ಸಿಕ್ಕಿಸಿದ್ದರೆ ಕಂಪ್ಯೂಟರ್ ಆನ್ ಆಗುವುದೇ ಇಲ್ಲ, ಕಿತ್ತರೆ ಆನ್ ಆಗುತ್ತದೆ. ಅನೇಕ ಹಾರ್ಡ್ ಡಿಸ್ಕ್‌ಗಳ ಬೋರ್ಡಿನಲ್ಲಿ 5 ಮತ್ತು 12 ವೋಲ್ಟ್ ಸಾಲುಗಳಿಗೆ ಅಡ್ಡಲಾಗಿ ಟಿವಿಎಸ್ ಡಯೋಡ್ ಎಂಬ ರಕ್ಷಕ ಬಿಡಿಭಾಗ ಇರುತ್ತದೆ. ಮಿತಿಮೀರಿದ ವೋಲ್ಟೇಜ್ ಬಂದಾಗ ಅದು ತಾನು ಸುಟ್ಟು ಶಾರ್ಟ್ ಆಗಿ ಹಿಂದಿನ ಚಿಪ್‌ಗಳನ್ನು ಕಾಯುತ್ತದೆ. ಶಾರ್ಟ್ ಕಂಡ ಎಸ್‌ಎಂಪಿಎಸ್ ಕೂಡಲೇ ಕೈ ಎತ್ತುತ್ತದೆ. ಇಂಥ ಡಿಸ್ಕನ್ನು ಕಸಕ್ಕೆ ಹಾಕುವವರನ್ನು ಕಂಡರೆ ಸಂಕಟವಾಗುತ್ತದೆ, ಏಕೆಂದರೆ ಒಳಗಿನ ತಟ್ಟೆಗಳಲ್ಲಿ ಡಾಟಾ ಬಹುಪಾಲು ಹಾಗೇ ಇರುತ್ತದೆ. ಎಲೆಕ್ಟ್ರಾನಿಕ್ಸ್ ಬಲ್ಲ ರಿಪೇರಿಯವರು ಡಯೋಡ್ ಪರೀಕ್ಷಿಸಿ ತೆಗೆದರೆ ಡಿಸ್ಕ್ ಎಚ್ಚರಗೊಳ್ಳುವ ಸಾಧ್ಯತೆ ಚೆನ್ನಾಗಿದೆ. ರಕ್ಷಣೆ ಇಲ್ಲದ ಆ ಡಿಸ್ಕಿನಿಂದ ಡಾಟಾ ನಕಲು ಮಾಡಿಕೊಂಡು ಅದನ್ನು ಬಿಟ್ಟುಬಿಡಬೇಕು.

ಇದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡು ತಂದು ಹಾಕಿದರೆ ಆಯಿತು ಎನ್ನುವವರೂ ಇದ್ದಾರೆ. ಇಂದಿನ ಡಿಸ್ಕ್‌ಗಳಲ್ಲಿ ಅದು ಬರೀ ಸ್ಕ್ರೂ ಕೆಲಸವಲ್ಲ. ಆಯಾ ಡಿಸ್ಕಿನ ಹೆಡ್ಡುಗಳಿಗೆ ಕಾರ್ಖಾನೆಯಲ್ಲೇ ಹೊಂದಿಸಿದ ಮಾಹಿತಿ ಬೋರ್ಡಿನ ರೋಮ್ ಚಿಪ್ಪಿನಲ್ಲಿ ಇರುತ್ತದೆ, ಅದನ್ನೂ ಹೊಸ ಬೋರ್ಡಿಗೆ ದಾಟಿಸಬೇಕು.

ಹೊಸ ಡಿಸ್ಕ್ ತಂದು ಹಾಕಿದಾಗಲೂ ಕಾಣದಿದ್ದರೆ ಅದಕ್ಕೆ ಬೇರೆಯೇ ಕಾರಣಗಳು. ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿಗಳಲ್ಲಿ ಎರಡು ಜಾತಿ: ಸಾಟಾ ಮತ್ತು ಎನ್‌ವಿಎಂಇ. ಎರಡೂ ಒಂದೇ ಗಾತ್ರ, ಆದರೆ ಎಲ್ಲ ಸ್ಲಾಟೂ ಎರಡನ್ನೂ ಒಪ್ಪುವುದಿಲ್ಲ. ಮದರ್‌ಬೋರ್ಡಿನ ಮ್ಯಾನ್ಯುಯಲ್ ನೋಡಿಯೇ ಕೊಳ್ಳಿ. ಅದೇ ಮ್ಯಾನ್ಯುಯಲ್ಲಿನ ಮೂಲೆಯಲ್ಲಿ ಇನ್ನೊಂದು ಟಿಪ್ಪಣಿ ಇರುತ್ತದೆ: ಇಂಥ ಎಂ.2 ಸ್ಲಾಟ್ ಬಳಸಿದರೆ ಇಂಥ ಸಾಟಾ ಪೋರ್ಟ್ ನಿಷ್ಕ್ರಿಯ. ಎಸ್‌ಎಸ್‌ಡಿ ಹಾಕಿಸಿಕೊಂಡು ಬಂದ ದಿನವೇ ಹಳೆಯ ಹಾರ್ಡ್ ಡಿಸ್ಕ್ ಮಾಯವಾಗಿದ್ದರೆ ಅದು ಕೆಟ್ಟಿರುವ ಸಂಭವ ಕಡಿಮೆ. ಬೇರೆ ಪೋರ್ಟಿಗೆ ಬದಲಿಸಿ ನೋಡಿ. ಎಕ್ಸ್‌ಟರ್ನಲ್ ಡಿಸ್ಕಿನ ಹೊದಿಕೆ ಒಡೆದು ಒಳಗಿನ ದೊಡ್ಡ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದವರಿಗೆ ಅದು ತಿರುಗದೇ ಇರಬಹುದು. 2016ರ ಸಾಟಾ 3.3ರಲ್ಲಿ ಪವರ್ ಕನೆಕ್ಟರಿನ ಮೂರನೆಯ ಪಿನ್ನಿಗೆ ಡಿಸ್ಕನ್ನು ಆಫ್ ಮಾಡುವ ಕೆಲಸ ಕೊಟ್ಟರು. ಹಳೆಯ ಎಸ್‌ಎಂಪಿಎಸ್ ಆ ಪಿನ್ನಿಗೆ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ, ಡಿಸ್ಕ್ ಆಫ್ ಆಗಿಯೇ ಕೂರುತ್ತದೆ. ಆ ಪಿನ್ನಿಗೆ ಶಾಖ ತಡೆಯುವ ಕ್ಯಾಪ್ಟನ್ ಟೇಪಿನ ಸಣ್ಣ ತುಂಡು ಅಂಟಿಸಿದರೆ ಎದ್ದು ಕೂರುತ್ತದೆ.

ಬ್ಯಾಟರಿಯ ಕಿತಾಪತಿ

ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಸಿಆರ್2032 ಬ್ಯಾಟರಿ ಇದೆ. ಬಯೋಸ್‌ನ ಗಡಿಯಾರ ನಡೆಸುವುದು ಅದೇ. ಅನೇಕ ಹಳೆಯ ಬೋರ್ಡುಗಳಲ್ಲಿ ಸೆಟಿಂಗ್‌ಗಳು ಉಳಿಯುವುದೂ ಅದರಿಂದಲೇ. ಕೆಲವು ವರ್ಷ ಕಳೆದ ಮೇಲೆ ಅದು ಸೊರಗುತ್ತದೆ. ಮನೆಯವರು ಗೋಡೆಯ ಸ್ವಿಚ್ ಆರಿಸಿಟ್ಟು ಊರಿಗೆ ಹೋಗಿ ಬಂದ ದಿನ ಕಂಪ್ಯೂಟರಿನ ತಾರೀಖು ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿದ್ದರೆ ಅದೇ ಸೂಚನೆ. ತಾರೀಖಿನ ಜೊತೆಗೆ ಬೂಟ್ ಆರ್ಡರ್ ಬದಲಾಗುತ್ತದೆ, ಬೋರ್ಡು ಡಿಸ್ಕಿನೊಂದಿಗೆ ಮಾತಾಡುವ ರೀತಿಯಾದ ಸಾಟಾ ಮೋಡ್ ಕೂಡ ಬದಲಾಗಬಹುದು. ಎಎಚ್‌ಸಿಐ ಮೋಡಿನಲ್ಲಿ ಹಾಕಿದ ವಿಂಡೋಸ್, ಐಡಿಇ ಅಥವಾ ರೇಡ್ ಮೋಡಿನಲ್ಲಿ ಶುರುವಾಗಲಾರದೆ ನೀಲಿ ಪರದೆ ತೋರಿಸುತ್ತದೆ. ನೋಡಿದವರು ಡಿಸ್ಕ್ ಹೋಯಿತು, ವಿಂಡೋಸ್ ಕರಪ್ಟ್ ಆಯಿತು ಎಂದು ತೀರ್ಮಾನಿಸುತ್ತಾರೆ. ಹೊಸ ಬ್ಯಾಟರಿ ಹಾಕಿ, ಮೋಡನ್ನು ಮೊದಲಿನಂತೆ ಮಾಡಿ, ವಿಂಡೋಸ್ ಇರುವ ಡಿಸ್ಕನ್ನು ಬೂಟ್ ಆರ್ಡರಿನ ಮೇಲಕ್ಕೆ ತಂದರೆ ಎಲ್ಲವೂ ಇದ್ದಲ್ಲೇ ಇರುತ್ತದೆ. ಇಷ್ಟು ಸಣ್ಣ ಕಾರಣಕ್ಕೆ ಮನೆಮಂದಿಯ ಡಾಟಾ ಫಾರ್ಮ್ಯಾಟ್ ಆಗಿಹೋಗುವುದನ್ನು ತಪ್ಪಿಸಬಹುದು ಎಂಬ ಕಾರಣಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹೊಸ ಲ್ಯಾಪ್‌ಟಾಪಿನವರಿಗೂ ಇದರ ತಮ್ಮನಂಥ ತೊಂದರೆಯಿದೆ. ಇಂಟೆಲ್ 11ನೇ ತಲೆಮಾರಿನ ಪ್ರೊಸೆಸರ್‌ಗಳಿಂದೀಚೆಗೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಆನ್ ಆಗಿಯೇ ಬರುತ್ತದೆ. ಪೆನ್ ಡ್ರೈವಿನಿಂದ ವಿಂಡೋಸ್ ಹಾಕಲು ಹೋದರೆ ಯಾವ ಡ್ರೈವೂ ಸಿಗಲಿಲ್ಲ ಎನ್ನುತ್ತದೆ, ಬಯೋಸ್‌ನಲ್ಲಿ ನೋಡಿದರೆ ಎಸ್‌ಎಸ್‌ಡಿ ಅಲ್ಲೇ ಇದೆ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಪೆನ್ ಡ್ರೈವಿಗೆ ಹಾಕಿಕೊಂಡು, ಇನ್‌ಸ್ಟಾಲ್ ಪರದೆಯ ಲೋಡ್ ಡ್ರೈವರ್ ಮೂಲಕ ಕೊಟ್ಟರೆ ಕಾಣುತ್ತದೆ. ಈಗಾಗಲೇ ವಿಂಡೋಸ್ ಇರುವ ಯಂತ್ರದಲ್ಲಿ ಬಯೋಸ್‌ನ ಇಂಥ ಸೆಟಿಂಗ್ ಮುಟ್ಟುವ ಮೊದಲು ಬಿಟ್‌ಲಾಕರ್ ರಿಕವರಿ ಕೀ ನಿಮ್ಮ ಕೈಲಿದೆಯೇ ನೋಡಿಕೊಳ್ಳಿ. ವಿಂಡೋಸ್ 11ರ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ. 48 ಅಂಕಿಗಳ ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಅದಿಲ್ಲದೆ ಡಿಸ್ಕ್ ಎಷ್ಟೇ ಆರೋಗ್ಯವಾಗಿದ್ದರೂ ತೆರೆಯುವಂತಿಲ್ಲ.

ಬಯೋಸ್‌ನಲ್ಲಿದೆ, ವಿಂಡೋಸ್‌ನಲ್ಲಿಲ್ಲ

ವಿಂಡೋಸ್ ಕೀ ಹಿಡಿದು ಎಕ್ಸ್ ಒತ್ತಿದರೆ ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ತೆರೆದ ಕೂಡಲೇ ಡಿಸ್ಕನ್ನು ಇನಿಷಿಯಲೈಸ್ ಮಾಡಬೇಕೆಂಬ ಪೆಟ್ಟಿಗೆ ಎದುರಿಗೆ ಬರಬಹುದು. ಅಂಗಡಿಯಿಂದ ಈಗಷ್ಟೇ ತಂದ ಖಾಲಿ ಡಿಸ್ಕ್ ಆದರೆ ಓಕೆ ಒತ್ತಿ, ಜಿಪಿಟಿ ಆರಿಸಿ, ಪಾರ್ಟಿಷನ್ ಮಾಡಿ, ಕೆಲಸ ಮುಗಿಯಿತು. (ಹಳೆಯ ಎಂಬಿಆರ್ ಪದ್ಧತಿಗೆ ಸುಮಾರು 2 ಟೆರಾಬೈಟ್‌ನಾಚೆ ಎಣಿಸಲು ಬರುವುದಿಲ್ಲ. 3 ಟೆರಾಬೈಟಿನ ಡಿಸ್ಕ್ 746 ಜಿಬಿ ಮಾತ್ರ ಕಾಣುತ್ತಿದೆ ಎಂದರೆ ಹಳೆಯ ಡ್ರೈವರ್ ಅಥವಾ ಹಳೆಯ ಯುಎಸ್‌ಬಿ ಅಡಾಪ್ಟರ್ ಅದೇ ಮಿತಿಗೆ ಸಿಕ್ಕಿಬಿದ್ದಿದೆ.) ಡಿಸ್ಕಿನಲ್ಲಿ ನಿಮ್ಮ ಡಾಟಾ ಇದ್ದದ್ದೇ ಆದರೆ ಕ್ಯಾನ್ಸಲ್ ಒತ್ತಿ. ಪಹಣಿ ಕಳೆದುಹೋದರೆ ಜಮೀನು ಎಲ್ಲಿಗೂ ಹೋಗುವುದಿಲ್ಲ. ಆದರೆ ಅದೇ ಜಮೀನಿಗೆ ಹೊಸ ಪಹಣಿ ಬರೆಸಿ ಬೇರೆಯವರು ಉಳುಮೆ ಶುರುಮಾಡಿದರೆ ಹಳೆಯ ಬೆಳೆ ಉಳಿಯುವುದಿಲ್ಲ. ಇನಿಷಿಯಲೈಸ್ ಹೊಸ ಪಹಣಿ, ಫಾರ್ಮ್ಯಾಟ್ ಮತ್ತು ಆಮೇಲಿನ ಕಾಪಿಗಳು ಉಳುಮೆ.

ಆ ಪರದೆಯಲ್ಲಿ ಕಾಣುವ ಸ್ಥಿತಿಗಳನ್ನು ನಿಧಾನವಾಗಿ ಓದಿ. ಪಾರ್ಟಿಷನ್ ಆರೋಗ್ಯವಾಗಿದ್ದು ಡ್ರೈವ್ ಅಕ್ಷರ ಮಾತ್ರ ಇಲ್ಲದಿದ್ದರೆ ರೈಟ್ ಕ್ಲಿಕ್ ಮಾಡಿ ಒಂದು ಅಕ್ಷರ ಕೊಡಿ, ಫೈಲುಗಳೆಲ್ಲ ಪ್ರತ್ಯಕ್ಷ. ಆಫ್‌ಲೈನ್ ಎಂದಿದ್ದರೆ ಆನ್‌ಲೈನ್ ಮಾಡಬಹುದು. ಹಳೆಯ ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿ ಎರಡನ್ನೂ ಒಟ್ಟಿಗೆ ಹಾಕಿದಾಗ, ಎರಡರ ಗುರುತೂ ಒಂದೇ ಎಂದು ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಡುತ್ತದೆ. ರಾ ಎಂದಿದ್ದರೆ ಫೈಲ್ ಸಿಸ್ಟಮ್ ಓದಲಾಗುತ್ತಿಲ್ಲ. ಹಾಗೆಂದ ಮಾತ್ರಕ್ಕೆ ಅದು ಕೆಟ್ಟಿದೆ ಎನ್ನಲಾಗದು. ಉಬುಂಟು ಲಿನಕ್ಸ್ ಇದ್ದ ಡಿಸ್ಕನ್ನೋ ಮ್ಯಾಕ್‌ನಲ್ಲಿ ಬಳಸಿದ ಡಿಸ್ಕನ್ನೋ ವಿಂಡೋಸ್‌ಗೆ ಹಾಕಿದರೂ ಬಳಸುವ ಮೊದಲು ಫಾರ್ಮ್ಯಾಟ್ ಮಾಡಿ ಎಂದೇ ಅದು ಕೇಳುತ್ತದೆ. ಉಬುಂಟು ಪೆನ್ ಡ್ರೈವಿನಿಂದ ಇನ್‌ಸ್ಟಾಲ್ ಮಾಡದೆಯೇ ಬೂಟ್ ಮಾಡಿ ನೋಡಿದರೆ ವಿಂಡೋಸ್ ಓದದ ಎಷ್ಟೋ ಡಿಸ್ಕ್‌ಗಳು ತೆರೆದುಕೊಳ್ಳುತ್ತವೆ. ನನ್ನ ಮಟ್ಟಿಗೆ ಪ್ರತಿ ಮನೆಯಲ್ಲೂ ಇರಬೇಕಾದ ಸಲಕರಣೆ ಅದು. ಪಾರ್ಟಿಷನ್ ಪಟ್ಟಿಯೇ ಅಳಿಸಿಹೋಗಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಅದನ್ನು ಹುಡುಕಿ ಕೊಡಬಲ್ಲದು, ಅದರ ಜೊತೆಗೇ ಬರುವ ಫೋಟೊರೆಕ್ ಫೋಟೊ ಮೊದಲಾದ ಫೈಲುಗಳನ್ನು ಹೆಕ್ಕಿಕೊಡುತ್ತದೆ. ಹೆಕ್ಕಿದ್ದನ್ನು ಬೇರೆ ಡಿಸ್ಕಿಗೇ ಉಳಿಸಬೇಕು.

ಎಕ್ಸ್‌ಟರ್ನಲ್ ಡಿಸ್ಕ್‌ಗಳ ಬಗ್ಗೆ ಚಿಕ್ಕದಾಗಿ. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟು 900. ಅಂಗೈಯಗಲದ ಡಿಸ್ಕಿಗೆ ತಿರುಗಲು ಆರಂಭಿಸುವಾಗಲೇ ಹೆಚ್ಚು ಕರೆಂಟ್ ಬೇಕು. ಹಬ್ಬು, ಉದ್ದನೆಯ ಕೇಬಲ್, ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟು ಎಲ್ಲ ಬಿಟ್ಟು ಹಿಂಬದಿಯ ಪೋರ್ಟಿಗೇ ನೇರ ಸಿಕ್ಕಿಸಿ, ಬೇರೆ ಕೇಬಲ್ ಹಾಕಿ ನೋಡಿ. ಹೊದಿಕೆ ಬಿಚ್ಚುವ ಸಾಹಸಕ್ಕೆ ಹೋಗುವವರಿಗೆ ಒಂದು ಮಾತು: ಕೆಲವು ಪೋರ್ಟಬಲ್ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಸಾಕೆಟ್ ನೇರ ಬೋರ್ಡಿಗೇ ಬೆಸೆದಿರುತ್ತದೆ, ಸಾಟಾ ಇರುವುದೇ ಇಲ್ಲ. ಇನ್ನು ಕೆಲವದರಲ್ಲಿ ನಡುವಿನ ಚಿಪ್ ಡಾಟಾವನ್ನು ಎನ್‌ಕ್ರಿಪ್ಟ್ ಮಾಡಿರುತ್ತದೆ, ಹೊದಿಕೆಯ ಬೋರ್ಡು ಎಸೆದರೆ ಡಾಟಾದ ಬೀಗದ ಕೈ ಎಸೆದಂತೆಯೇ.

ಡಿಸ್ಕಿನ ಒಳಗೇ ತೊಂದರೆಯಾದಾಗ

ಡಿಸ್ಕಿನೊಳಗೂ ತಂತ್ರಾಂಶವಿದೆ, ಅದೂ ಎಡವುತ್ತದೆ. 2008ರ ಕೊನೆ ಮತ್ತು 2009ರ ಆರಂಭದಲ್ಲಿ ಸೀಗೇಟ್‌ನ ಬಾರ್ರಾಕುಡಾ 7200.11 ಸರಣಿಯ ಡಿಸ್ಕ್‌ಗಳು ಆರಿಸಿ ಹಾಕುವಷ್ಟರಲ್ಲಿ ಬಯೋಸ್‌ನಿಂದಲೇ ಮಾಯವಾಗತೊಡಗಿದವು. ಫರ್ಮ್‌ವೇರ್ ಒಂದು ಆಂತರಿಕ ದಾಖಲೆಯನ್ನು ಓದುವಾಗ ಸಿಕ್ಕಿಬೀಳುತ್ತಿತ್ತು. ತಟ್ಟೆಗಳಲ್ಲಿನ ಡಾಟಾಕ್ಕೆ ಏನೂ ಆಗಿರಲಿಲ್ಲ. ಕ್ರೂಶಿಯಲ್ ಎಂ4 ಎಸ್‌ಎಸ್‌ಡಿ ಒಟ್ಟು 5184 ಗಂಟೆ ಓಡಿದ ಮೇಲೆ ಪ್ರತಿಕ್ರಿಯಿಸುವುದನ್ನೇ ನಿಲ್ಲಿಸುತ್ತಿತ್ತು, 2012ರ ಜನವರಿಯಲ್ಲಿ ಹೊಸ ಫರ್ಮ್‌ವೇರ್ ಬಂದು ಅದು ಸರಿಹೋಯಿತು. ಎಚ್‌ಪಿಇ ಕಂಪನಿ 2019ರ ನವೆಂಬರಿನಲ್ಲಿ ತನ್ನ ಸರ್ವರ್‌ಗಳ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆಗೆ ಸರಿಯಾಗಿ ನಿಂತುಹೋಗುತ್ತವೆ, ಡಾಟಾ ಮರಳಿ ಬಾರದು ಎಂದು ಎಚ್ಚರಿಸಿತ್ತು. ಆದ್ದರಿಂದ ನಿಮ್ಮ ಡಿಸ್ಕಿನ ಮಾಡೆಲ್ ಸಂಖ್ಯೆ ಹಾಕಿ, ಇಂಥ ದೋಷ ಪ್ರಕಟವಾಗಿದೆಯೇ ಎಂದು ಕಂಪನಿಯ ತಾಣದಲ್ಲಿ ಹುಡುಕುವುದು ಒಳ್ಳೆಯದು. ಕರೆಂಟ್ ಹೋದಾಗ ದಿಢೀರನೆ ನಿಂತ ಎಸ್‌ಎಸ್‌ಡಿಗೆ, ಡಾಟಾ ಕೇಬಲ್ ಕಿತ್ತು ಪವರ್ ಮಾತ್ರ ಕೊಟ್ಟು ಅರ್ಧ ಗಂಟೆ ಬಿಟ್ಟರೆ ಅದು ತನ್ನ ಪಟ್ಟಿಗಳನ್ನು ಸರಿಪಡಿಸಿಕೊಂಡು ಏಳುವುದುಂಟು.

ಡಿಸ್ಕ್ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿದ್ದರೆ, ಕಂಡ ಹೊತ್ತಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ತೆರೆದು ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತಾನೇ ಬರೆದಿಡುವ ಆರೋಗ್ಯದ ದಾಖಲೆ, ನೋಡಿ. ಸಿಆರ್‌ಸಿ ತಪ್ಪುಗಳ ಎಣಿಕೆಯೊಂದೇ ಏರುತ್ತಿದ್ದರೆ ಬಹುತೇಕ ಡಾಟಾ ಕೇಬಲ್ಲಿನ ತಪ್ಪು. ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರ್‌ಗಳು ಏರುತ್ತಿದ್ದರೆ ತಟ್ಟೆಯೇ ಹಾಳಾಗುತ್ತಿದೆ. ಆಗ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಡಿಸ್ಕನ್ನು ರಿಪೇರಿ ಮಾಡುವುದಿಲ್ಲ, ಫೈಲ್ ಸಿಸ್ಟಮ್ಮನ್ನು ತಿದ್ದಿ ಬರೆಯುತ್ತದೆ. ಉಸಿರು ಕಟ್ಟಿರುವ ಡಿಸ್ಕಿಗೆ ಆ ದುಡಿಮೆಯೇ ಕೊನೆಯದಾಗಬಹುದು. ತೀರಾ ಮುಖ್ಯವಾದ ಫೋಲ್ಡರ್ ಮೊದಲು ಕಾಪಿ ಮಾಡಿಕೊಳ್ಳಿ. ಲಿನಕ್ಸ್ ಬಲ್ಲವರು ಮನೆಯಲ್ಲಿದ್ದರೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ಪ್ರತಿ ತೆಗೆದು, ಮುಂದಿನ ಪ್ರಯೋಗಗಳನ್ನೆಲ್ಲ ಆ ಪ್ರತಿಯ ಮೇಲೆ ಮಾಡಲಿ.

ಟಕ್ ಟಕ್ ಸದ್ದಿನ ಡಿಸ್ಕಿಗೆ ಮನೆಮದ್ದಿಲ್ಲ. ಹೆಡ್ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಅದು ಕೆಟ್ಟು ತಟ್ಟೆಗೆ ತಾಗುತ್ತಿದ್ದರೆ ಓಡಿಸಿದಷ್ಟೂ ಡಾಟಾ ಹೊತ್ತ ಪದರ ಕೆರೆದುಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಲಹೆ ಈಗಲೂ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ನಮ್ಮ ಹವೆಯಲ್ಲಿ ಹೊರತೆಗೆದ ಕೂಡಲೇ ಅದರ ಮೇಲೆ, ಗಾಳಿಕಂಡಿಯಿರುವ ಡಿಸ್ಕಾದರೆ ಒಳಗೂ, ನೀರಿನ ಹನಿ ಕಟ್ಟುತ್ತದೆ. ತಟ್ಟುವುದು, ಮುಚ್ಚಳ ಬಿಚ್ಚಿ ನೋಡುವುದು ಕೂಡ ಬೇಡ. ಕೋಣೆಯ ಧೂಳಿನ ಒಂದು ಕಣಕ್ಕೆ ಹೆಡ್ಡಿಗೂ ತಟ್ಟೆಗೂ ನಡುವಿನ ಆ ಸಂದು ಸಾಲದು.

ಡಾಟಾ ಬೇಕೇಬೇಕು ಎಂದರೆ ರಿಕವರಿಯವರ ಬಳಿಗೆ ಹೋಗಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಮಾರುವ ಅಂಗಡಿಗಳಲ್ಲೂ ಈ ಕೆಲಸ ಒಪ್ಪಿಕೊಳ್ಳುವವರು ಸಿಗಬಹುದು, ಆದರೆ ಹೆಡ್ ಬದಲಿಸುವಂಥ ಕೆಲಸಕ್ಕೆ ಧೂಳುರಹಿತ ಕೋಣೆ ಇರುವ ಕಡೆಗೇ ಕೊಡಿ. ಡಿಸ್ಕ್ ಅಲ್ಲೇ ತೆರೆಯುತ್ತೀರಾ, ಬೇರೆಡೆ ಕಳಿಸುತ್ತೀರಾ, ಪರೀಕ್ಷೆಗೆ ಎಷ್ಟು, ಡಾಟಾ ಸಿಗದಿದ್ದರೆ ಎಷ್ಟು, ಸಿಕ್ಕಿದ ಫೈಲುಗಳ ಪಟ್ಟಿ ಹಣ ಕಟ್ಟುವ ಮೊದಲೇ ತೋರಿಸುತ್ತೀರಾ ಎಂದು ಕೇಳಿ, ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಡಿಸ್ಕಿನ ಮೇಲಿನ ಸೀರಿಯಲ್ ನಂಬರಿನ ಫೋಟೊ ತೆಗೆದುಕೊಂಡಿರಿ. ಗ್ಯಾರಂಟಿ ಇನ್ನೂ ಇದ್ದರೆ ಮೊದಲು ಯೋಚಿಸಿ ತೀರ್ಮಾನಿಸಿ: ಗ್ಯಾರಂಟಿಯಲ್ಲಿ ಕಂಪನಿ ಕೊಡುವುದು ಬದಲಿ ಡಿಸ್ಕ್ ಮಾತ್ರ, ನಿಮ್ಮ ಹಳೆಯದು ಮರಳಿ ಬರುವುದಿಲ್ಲ. ಊರಿನಿಂದ ಕೊರಿಯರ್‌ನಲ್ಲಿ ಕಳಿಸುವವರು ಡಿಸ್ಕನ್ನು ಆ್ಯಂಟಿ ಸ್ಟ್ಯಾಟಿಕ್ ಕವರಿನಲ್ಲಿಟ್ಟು, ನಾಲ್ಕೂ ಕಡೆ ಎರಡು ಬೆರಳು ದಪ್ಪ ಬಬಲ್ ರ‍್ಯಾಪ್ ಸುತ್ತಿ, ಅಲುಗಾಡದಂತೆ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಿ. ಅದರ ಜೊತೆಗೆ ಒಂದು ಚೀಟಿ ಇರಲಿ: ತೊಂದರೆ ಯಾವಾಗ ಶುರುವಾಯಿತು, ಯಾವ ಸದ್ದು ಬಂತು, ಈವರೆಗೆ ಏನೇನು ಮಾಡಿ ನೋಡಿದ್ದೀರಿ, ಯಾವ ಫೋಲ್ಡರ್ ಮೊದಲು ಬೇಕು.